ಅಪೀಲಿಗೂ ಒಬ್ಬ ವಕೀಲ ಬೇಕು

ನಮ್ಮ ಸಿನಿಮಾಗಳಲ್ಲಿ ಜಡ್ಜು ತೀರ್ಪು ಓದಿದರೆ ಮುಗೀತು, ಮುಂದೆ "ಶುಭಂ". ನಿಜವಾದ ಕೋರ್ಟಿನಲ್ಲಿ ಹಾಗಲ್ಲ. ಸೆಷನ್ಸ್ ಕೋರ್ಟು ಜೀವಾವಧಿ ಶಿಕ್ಷೆ ಕೊಟ್ಟರೆ ಹೈಕೋರ್ಟಿಗೆ ಮೇಲ್ಮನವಿ ಹಾಕಲು 60 ದಿನ ಇರುತ್ತೆ. ಮರಣದಂಡನೆಯಾದರೆ 30 ದಿನ ಅಷ್ಟೆ. ಆ ದಿನಗಳನ್ನು ಎಣಿಸಬೇಕಾದವನು ಮಾತ್ರ ಜೈಲಿನೊಳಗಿರುತ್ತಾನೆ. ತೀರ್ಪು ಎಷ್ಟೋ ಸಲ ಇಂಗ್ಲಿಷಿನಲ್ಲಿರುತ್ತೆ, ಕೈಯಲ್ಲಿ ದುಡ್ಡಿರೋದಿಲ್ಲ. ಇಂಥವನು ಅಪೀಲು ಹಾಕೋದು ಹೇಗೆ?

ಈ ಪ್ರಶ್ನೆಗೆ ಸುಪ್ರೀಂ ಕೋರ್ಟು ಉತ್ತರ ಕೊಟ್ಟಿದ್ದು ಒಂದು ವಿಚಿತ್ರ ಕೇಸಿನಲ್ಲಿ. ಅದಕ್ಕೆ ನಮ್ಮ ಧಾರವಾಡದ ನಂಟೂ ಇದೆ! ಸೌರಾಷ್ಟ್ರ ವಿಶ್ವವಿದ್ಯಾಲಯದ ರೀಡರ್ ಒಬ್ಬರು ಧಾರವಾಡದ ವಿಶ್ವವಿದ್ಯಾಲಯದ ಹೆಸರಿನಲ್ಲಿ ನಕಲಿ ಮೊಹರು ಮಾಡಿಸಲು ಹೋಗಿ ಮುಂಬಯಿಯಲ್ಲಿ ಸಿಕ್ಕಿಬಿದ್ದರು. ಕೆಳಗಿನ ಕೋರ್ಟು ಆ ದಿನ ಕಲಾಪ ಮುಗಿಯುವವರೆಗಿನ ಸಜೆ ಕೊಟ್ಟು ಬಿಟ್ಟಿತ್ತು. 1973ರಲ್ಲಿ ಹೈಕೋರ್ಟು ಅದನ್ನು ಮೂರು ವರ್ಷಕ್ಕೆ ಏರಿಸಿತು. ತೀರ್ಪಿನ ನಕಲು ಯೆರವಡಾ ಜೈಲಿಗೇನೋ ಹೋಯಿತು, ಆದರೆ ತನ್ನ ಕೈಗೆ ಬರಲೇ ಇಲ್ಲ ಅಂತ ಆತ ಹೇಳಿದ. ಕೊಟ್ಟಿದ್ದಕ್ಕೆ ಸಹಿ ಇರುವ ದಾಖಲೆಯೂ ಸಿಗಲಿಲ್ಲ. ಸುಪ್ರೀಂ ಕೋರ್ಟು ಮುಟ್ಟುವ ಹೊತ್ತಿಗೆ ನಾಲ್ಕು ವರ್ಷ ದಾಟಿ, ಶಿಕ್ಷೆಯೇ ಮುಗಿದುಹೋಗಿತ್ತು.

ಅಪೀಲು ವಜಾ ಆಯಿತು. ಆದರೆ ಅದೇ ತೀರ್ಪಿನಲ್ಲಿ, 1978ರಲ್ಲಿ, ನ್ಯಾಯಮೂರ್ತಿ ಕೃಷ್ಣ ಅಯ್ಯರ್ ದೊಡ್ಡ ಮಾತು ಹೇಳಿದರು. ಜೈಲು ಶಿಕ್ಷೆಯಾದವನಿಗೆ ತೀರ್ಪಿನ ಉಚಿತ ನಕಲು, ವಕೀಲರನ್ನಿಡಲು ಶಕ್ತಿಯಿಲ್ಲದಿದ್ದರೆ ಅಪೀಲಿಗೆ ಸರ್ಕಾರದ ಖರ್ಚಿನಲ್ಲಿ ವಕೀಲ - ಇವೆರಡೂ ಸಂವಿಧಾನದ 21ನೇ ವಿಧಿಯೊಳಗೇ ಬರುತ್ತವೆ ಅಂತ. ಒಬ್ಬ ನಕಲಿ ಮೊಹರಿನವನಿಂದ ದೇಶದ ಎಲ್ಲ ಬಡ ಖೈದಿಗಳಿಗೂ ಒಂದು ಅಸಲಿ ಹಕ್ಕು ಸಿಕ್ಕಿತು ನೋಡಿ!

ಸರಿ, ವಕೀಲರು ಸಿಕ್ಕರು. ವಿಚಾರಣೆಯ ದಿನ ಅವರು ಬರದಿದ್ದರೆ?

ಇಲ್ಲಿ ಸುಪ್ರೀಂ ಕೋರ್ಟೇ ಎರಡು ದನಿಯಲ್ಲಿ ಮಾತಾಡಿದೆ. 1996ರ ಬಾನಿ ಸಿಂಗ್ ಪ್ರಕರಣದಲ್ಲಿ, ವಕೀಲರು ಬಂದಿಲ್ಲ ಅನ್ನೋ ಒಂದೇ ಕಾರಣಕ್ಕೆ ಅಪೀಲನ್ನು ವಜಾ ಮಾಡುವಂತಿಲ್ಲ, ದಾಖಲೆ ಓದಿ ತೀರ್ಮಾನಿಸಬೇಕು ಅಂದಿತು. ಆರೋಪಿ ಜೈಲಿನಲ್ಲಿದ್ದರೆ ಮುಂದೂಡುವುದು ಒಳ್ಳೆಯದು, ಬೇಕೆನಿಸಿದರೆ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಕೊಡಬಹುದು ಅಂತಲೂ ಸೇರಿಸಿತು. 2011ರಲ್ಲಿ ಅಸ್ಸಾಮಿನ ಒಂದು ಪ್ರಕರಣದಲ್ಲಿ, ವಕೀಲರಿಲ್ಲದೆ ಆರೋಪಿಯ ವಿರುದ್ಧ ತೀರ್ಮಾನಿಸಲೇಬಾರದು ಅಂದಿತು. 2013ರಲ್ಲಿ ಕರ್ನಾಟಕದಿಂದಲೇ ಹೋದ ಪಾಂಡುರಂಗ ಪ್ರಕರಣದಲ್ಲಿ ಮತ್ತೆ ಬಾನಿ ಸಿಂಗ್ ದಾರಿಗೇ ಮರಳಿತು.

ಇದಕ್ಕೂ ಒಂದು ಕಾರಣ ಇದೆ ಅನ್ನಿ. ಜಾಮೀನಿನ ಮೇಲೆ ಹೊರಗೆ ಆರಾಮಾಗಿರುವವನು ವಕೀಲರನ್ನು ಕಳಿಸದೆ ವರ್ಷಗಟ್ಟಲೆ ಎಳೆಯಬಹುದು. ಅಂಥವನಿಗಾಗಿ ಕೋರ್ಟು ಯಾಕೆ ಕಾಯಬೇಕು?

ಆದರೆ ಒಳಗಿರುವವನ ಕತೆ ಬೇರೆ. ವಕೀಲರು ಬಂದರೋ ಇಲ್ಲವೋ ಅವನಿಗೆ ಗೊತ್ತೇ ಆಗೋದಿಲ್ಲ. ತಡ ಮಾಡಿದರೆ ಅವನಿಗೇ ನಷ್ಟ. ಕೆಳಗಿನ ಕೋರ್ಟಿನಲ್ಲಿ ಯಾವ ಸಾಕ್ಷಿ ಎಲ್ಲಿ ತಡವರಿಸಿದ, ಪಂಚನಾಮೆಯಲ್ಲಿ ಏನು ಹೊಂದೋದಿಲ್ಲ ಅಂತ ಎತ್ತಿ ತೋರಿಸುವವರೇ ಇಲ್ಲದಿದ್ದರೆ, ಜಡ್ಜು ಎಷ್ಟೇ ಶ್ರದ್ಧೆಯಿಂದ ಓದಿದರೂ ಎದುರಿಗೆ ಕೇಳಿಸೋದು ಸರ್ಕಾರಿ ವಕೀಲರ ವಾದ ಮಾತ್ರ. ಅವನ ವಿಷಯದಲ್ಲಿ "ಒಳ್ಳೆಯದು", "ಕೊಡಬಹುದು" ಅನ್ನೋದು ಸಾಲದು, "ಕೊಡಲೇಬೇಕು" ಅಂತಾಗಬೇಕು ಅನ್ನೋದು ನನ್ನ ಅನಿಸಿಕೆ.

ಕೊಟ್ಟರೂ ಕಾಟಾಚಾರಕ್ಕೆ ಕೊಡಬಾರದು. ಜೀವಾವಧಿ ಅಥವಾ ಮರಣದಂಡನೆ ಸಾಧ್ಯವಿರುವ ಪ್ರಕರಣಗಳಿಗೆ ಕನಿಷ್ಠ 10 ವರ್ಷ ಅನುಭವ ಇರುವ ವಕೀಲರನ್ನೇ ನೇಮಿಸಬೇಕು, ತಯಾರಿಗೆ ಸಾಮಾನ್ಯವಾಗಿ 7 ದಿನವಾದರೂ ಕೊಡಬೇಕು ಅಂತ 2019ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ಇನ್ನೊಂದು ವಿಷಯ ಎಲ್ಲರಿಗೂ ಗೊತ್ತಿರಲಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಬಂಧನದಲ್ಲಿರುವವರಿಗೆ ಉಚಿತ ನೆರವು ಪಡೆಯಲು ಆದಾಯದ ಮಿತಿ ಇಲ್ಲ. ಅಪೀಲು ಅರ್ಜಿಯನ್ನು ಜೈಲಿನ ಅಧಿಕಾರಿಯ ಕೈಗೇ ಕೊಡಬಹುದು, ಅವರು ಕೋರ್ಟಿಗೆ ಕಳಿಸಬೇಕು. ಮನೆಯವರು 15100ಕ್ಕೆ ಫೋನ್ ಮಾಡಿ ಕೇಳಬಹುದು.

ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಅಂತ ಹಿರಿಯರ ಗಾದೆ. ಆಸ್ತಿ ವ್ಯಾಜ್ಯಕ್ಕೆ ಅದು ತಮಾಷೆಯ ಮಾತಾಗಬಹುದು. ಮರಣದಂಡನೆಯ ಅಪೀಲಿನಲ್ಲಿ ಅದು ಅಕ್ಷರಶಃ ನಿಜ ಅಲ್ವಾ?