ಝರಣಿಯ ನೀರು

ನೀರು ಬದಲಾದರೆ ಮೈ ಬದಲಾದೀತೆಂಬುದು ಹಿರಿಯರ ನಂಬಿಕೆ. ಯುರೋಪಿನ ಸಿರಿವಂತರು ಬೆಟ್ಟಗಳ ನಡುವಣ ಕಾರ್ಲ್ಸ್‌ಬಾಡಿಗೆ ಹೋಗಿ ಬುಗ್ಗೆಯ ಬಿಸಿನೀರು ಕುಡಿಯುತ್ತಿದ್ದರು. ಕವಿ ಗಯಟೆಯೂ ಹಲವು ಸಲ ಹೋಗಿದ್ದನು. ಕಲಬುರಗಿಯವರಾದ ನಮಗೆ ಬೀದರ್ ಇದೆ. ಬಹಮನಿ ಸುಲ್ತಾನ ಅಹಮದ್ ಶಾಹನು (1422–1436) ರಾಜಧಾನಿಯನ್ನೇ ಇಲ್ಲಿಂದ ಅಲ್ಲಿಗೆ ಒಯ್ದನು. ಅದಕ್ಕೆ ಹೇಳುವ ಕಾರಣಗಳಲ್ಲಿ ಅಲ್ಲಿಯ ಗಾಳಿ-ನೀರೂ ಒಂದು.

ನಮ್ಮ ಅವ್ವನಿಗೀಗ ಎಪ್ಪತ್ತಮೂರು. ಮೊಣಕಾಲಿಗೆ ಶಸ್ತ್ರಚಿಕಿತ್ಸೆಯೇ ದಾರಿಯೆಂದು ಡಾಕ್ಟರು ಹೇಳಿ ವರ್ಷವಾಗಿತ್ತು. ಆಕೆ ಒಪ್ಪಿರಲಿಲ್ಲ. “ಮೊದಲ ಝರಣಿ ನರಸಿಂಹನ ಬಲ್ಲಿ ಹೋಗಮು” ಎಂದು ಹಟ ಹಿಡಿದಳು. ಸೇಡಂ ರಸ್ತೆಯ ಮನೆಯಿಂದ ನಸುಕಿನಲ್ಲೇ ಹೊರಟೆವು. ಕಮಲಾಪುರದಲ್ಲಿ ಅಲ್ಲಿಯ ಹೆಸರಾದ ಕೆಂಪು ಬಾಳೆಹಣ್ಣು ಕೊಂಡು, ಹುಮನಾಬಾದ್ ದಾಟಿ ಬೀದರ್ ಮುಟ್ಟಿದೆವು.

ಬೀದರ್ ನಿಂತಿರುವುದು ಸಮುದ್ರಮಟ್ಟದಿಂದ ಸುಮಾರು 2,200 ಅಡಿ ಎತ್ತರದ ಜಂಬಿಟ್ಟಿಗೆಯ ದಿಬ್ಬದ ಮೇಲೆ. ಆ ಕೆಂಪು ಕಲ್ಲಿನ ಮೈತುಂಬ ತೂತು. ಮಳೆನೀರು ಅದರೊಳಗೆ ಇಂಗುತ್ತದೆ. ಕೆಳಗಿನ ಗಟ್ಟಿ ಕಪ್ಪು ಶಿಲೆ ತಡೆದಾಗ ದಿಬ್ಬದ ಅಂಚಿನಲ್ಲಿ ಝರಿಯಾಗಿ ಹೊರಡುತ್ತದೆ. ಗುರುನಾನಕ್ ಝೀರಾದಲ್ಲೂ ಇಂಥದೇ ಸಿಹಿನೀರು. ಪುರಾಣದ ಮಾತು ಬೇರೆ: ನರಸಿಂಹನಿಂದ ಹತನಾದ ಜಲಾಸುರನೇ ನೀರಾಗಿ ಸ್ವಾಮಿಯ ಪಾದದಿಂದ ಹರಿಯುತ್ತಿದ್ದಾನಂತೆ.

ದೇವರನ್ನು ಕಾಣಲು ಉದ್ದನೆಯ ಗುಹೆಯಲ್ಲಿ, ಆ ನೀರಲ್ಲೇ ನಡೆಯಬೇಕು. ತಲೆಯ ಮೇಲೆ ಬಾವಲಿ, ಹಿಂದೆ ಮುಂದೆ ಗೋವಿಂದನ ನಾಮ. ಅವ್ವನ ಕೋಲನ್ನು ಹೊರಗೇ ಬಿಡಿಸಿ, ಒಂದು ಕೈ ನಾನು ಹಿಡಿದೆ. ಇನ್ನೊಂದನ್ನು ಯಾವ ಊರಿನವಳೋ ಒಬ್ಬ ಹೆಣ್ಣುಮಗಳು ಹಿಡಿದಳು. ನೀರು ಸೊಂಟ ಮುಟ್ಟಿತು, ಎದೆಗೇರಿತು. ಆಗ ಅವ್ವನ ಹೆಜ್ಜೆ ನೆಟ್ಟಗಾಯಿತು. ನನ್ನ ಕೈಯನ್ನು ಹಿಡಿದಿದ್ದ ಬಿಗಿ ಸಡಲಿತು. ಸ್ವಲ್ಪ ದೂರ ನನಗಿಂತ ಮುಂದೆಯೇ ನಡೆದಳು.

ಇದರಲ್ಲಿ ಪವಾಡವೇನೂ ಇಲ್ಲ. ಸೊಂಟದವರೆಗಿನ ನೀರು ಮೈಭಾರದ ಅರ್ಧದಷ್ಟನ್ನು ತಾನೇ ಹೊರುತ್ತದೆ. ದಡಕ್ಕೆ ಬಂದೊಡನೆ ಆ ಭಾರ ಮತ್ತೆ ಕಾಲಿನ ಮೇಲೆಯೇ. ಅವ್ವನಿಗೂ ಹಾಗೆಯೇ ಆಯಿತು, ಕೋಲು ಬೇಕಾಯಿತು. ಆಕೆ ಬೇಸರಪಟ್ಟಾಳೆಂದು ನಾನು ಸುಮ್ಮನಿದ್ದೆ. ಒದ್ದೆ ಸೆರಗು ಹಿಂಡುತ್ತ ಆಕೆಯೇ ಮಾತು ತೆಗೆದಳು:

“ನಡಿಯೋದಂದ್ರ ಹಿಂಗಿರ್ತದ ಅಂತ ಮರ್ತೇ ಹೋಗಿತ್ತು, ಯಪ್ಪಾ. ಇನ್ನ ಡಾಕ್ಟರ್ ಬಲ್ಲಿ ಹೋಗಮು.”