ಸೇಂಟ್ ಜೇಮ್ಸ್ ಬೀದಿಯ ತಕ್ಕಡಿ

ಲಂಡನ್ನಿನ ಪಿಕಡಿಲಿಯ ಬಸ್ಸುಗಳ ಗದ್ದಲವನ್ನು ಹಿಂದೆ ಬಿಟ್ಟು ಸೇಂಟ್ ಜೇಮ್ಸ್ ಬೀದಿಗೆ ಹೊರಳಿದರೆ, ರಸ್ತೆ ತುಸು ಇಳಿಜಾರಾಗಿ ಹಳೆಯ ಅರಮನೆಯ ಇಟ್ಟಿಗೆ ಗೋಪುರಗಳತ್ತ ಸಾಗುತ್ತದೆ. ಇಕ್ಕೆಲಗಳಲ್ಲಿ ಶ್ರೀಮಂತರ ಕ್ಲಬ್ಬುಗಳು, ಟೋಪಿಯ ಅಂಗಡಿ, ಬೂಟಿನ ಅಂಗಡಿ. ಚೌಕಾಸಿ ಮಾಡುವವರಿಗೆ ಹೇಳಿಸಿದ ಬೀದಿಯಲ್ಲ. ಅರಮನೆ ಇನ್ನೇನು ಬಂತು ಎನ್ನುವಾಗ ಎಡಗಡೆ 3ನೇ ನಂಬರಿನ ಕಟ್ಟಡ. 1698ರಲ್ಲಿ ವಿಧವೆಯೊಬ್ಬಳು ಇಲ್ಲಿ ಕಾಫಿ ಮಾರಲು ಕುಳಿತಳು. ಆಮೇಲೆ ಅದೇ ಬೆರ್ರಿ ಬ್ರದರ್ಸ್ ಅಂಡ್ ರಡ್ ಎಂಬ ಹೆಸರಾಂತ ದ್ರಾಕ್ಷಾರಸದ ಮಳಿಗೆಯಾಯಿತು. ಕಾಫಿ ಮೂಟೆ ತೂಗುತ್ತಿದ್ದ ಆಳೆತ್ತರದ ತಕ್ಕಡಿ ಮಾತ್ರ ಹಾಗೆಯೇ ಉಳಿದಿದೆ.

1765ರಿಂದ ಈ ತಕ್ಕಡಿಯಲ್ಲಿ ಗಿರಾಕಿಗಳೂ ತೂಗಿಸಿಕೊಳ್ಳತೊಡಗಿದರು. ತೂಕವನ್ನು ಚರ್ಮದ ರಟ್ಟಿನ ಪುಸ್ತಕದಲ್ಲಿ ಬರೆದಿಡುವ ಪದ್ಧತಿ. ಕವಿ ಬೈರನ್ ಕೂಡ ಬರುತ್ತಿದ್ದ. 1806ರಲ್ಲಿ ಸುಮಾರು 88 ಕಿಲೋ ಇದ್ದವನು 1811ರ ಹೊತ್ತಿಗೆ 60ಕ್ಕೂ ಕೆಳಗಿಳಿದಿದ್ದ. ಮೈ ಬರಬಾರದೆಂದು ಬಿಸ್ಕತ್ತು, ಸೋಡಾ ನೀರು, ವಿನೆಗರ್ ಸುರಿದ ಆಲೂಗಡ್ಡೆಯಲ್ಲಿ ದಿನ ದೂಡುತ್ತಿದ್ದನೆಂದು ಅವನ ಕಾಲದವರು ಬರೆದಿಟ್ಟಿದ್ದಾರೆ.

ಆಲೂಗಡ್ಡೆ! ಇದೇ ಬೀದಿಯಲ್ಲಿ ಅರ್ಧ ಶತಮಾನದ ಬಳಿಕ ಇನ್ನೊಬ್ಬ ದಢೂತಿ ಮನುಷ್ಯ ಸಪೂರವಾದದ್ದು ಅದೇ ಆಲೂಗಡ್ಡೆಯನ್ನು ಬಿಟ್ಟು.

ಆತನ ಹೆಸರು ವಿಲಿಯಂ ಬ್ಯಾಂಟಿಂಗ್. ಈ ಬೀದಿಯಲ್ಲಿದ್ದ ಅವರ ಮನೆತನದ ಕಸುಬು ಶವಸಂಸ್ಕಾರದ ಏರ್ಪಾಡು. ಸಾಮಾನ್ಯರದ್ದಲ್ಲ; 1852ರಲ್ಲಿ ವೆಲಿಂಗ್ಟನ್ ಡ್ಯೂಕನ, 1861ರಲ್ಲಿ ವಿಕ್ಟೋರಿಯಾ ರಾಣಿಯ ಪತಿ ಆಲ್ಬರ್ಟನ ಅಂತ್ಯಕ್ರಿಯೆಗೆ ಅಣಿಮಾಡಿದವರು ಇವರೇ. 1862ರ ಆಗಸ್ಟಿನಲ್ಲಿ ಐದೂಕಾಲು ಅಡಿ ಮೀರಿದ ಎತ್ತರಕ್ಕೆ ಬ್ಯಾಂಟಿಂಗ್ ತೂಗುತ್ತಿದ್ದುದು 202 ಪೌಂಡ್, ಅಂದರೆ 91 ಕಿಲೋ ಮೇಲೆ. ಬಗ್ಗಿ ಬೂಟಿನ ದಾರ ಕಟ್ಟಲಾಗದು. ಮೆಟ್ಟಿಲು ಇಳಿಯುವಾಗ ಮೊಣಕಾಲಿಗೆ ಭಾರ ಬೀಳದಂತೆ ಹಿಮ್ಮುಖವಾಗಿ, ಒಂದೊಂದೇ ಹೆಜ್ಜೆ. ಮುಂಜಾನೆ ದೋಣಿಗೆ ಹುಟ್ಟು ಹಾಕಿ ನೋಡಿದ. ಹಸಿವೆ ಹೆಚ್ಚಿತೇ ಹೊರತು ಬೊಜ್ಜು ಇಳಿಯಲಿಲ್ಲ. ಟರ್ಕಿ ಸ್ನಾನವೂ ಆಯಿತು. ಕೊನೆಗೆ ಕಿವಿ ಮಂದವಾಯಿತೆಂದು ಸೋಹೋ ಚೌಕದ ಡಾಕ್ಟರ್ ಹಾರ್ವೆಯ ಬಳಿ ಹೋದರೆ, ಆತ ಕಿವಿಯ ಬದಲು ತಟ್ಟೆಗೇ ಕೈ ಹಾಕಿದ. ಬ್ರೆಡ್ಡು, ಬೆಣ್ಣೆ, ಹಾಲು, ಸಕ್ಕರೆ, ಬಿಯರ್, ಆಲೂಗಡ್ಡೆ ಬಂದ್. ಮಾಂಸ, ಮೀನು, ತರಕಾರಿ, ಒಣ ಟೋಸ್ಟಿನ ಒಂದು ಚೂರು, ಊಟಕ್ಕೆ ಎರಡು ಮೂರು ಗ್ಲಾಸು ವೈನು ಸರಿ. (ಪಥ್ಯವೆಂದರೆ ಇದು ಎಂದು ಕೆಲವರಿಗಾದರೂ ಅನಿಸೀತು.) ಸುಮಾರು ಒಂದು ವರ್ಷದಲ್ಲಿ 46 ಪೌಂಡ್ ಕರಗಿತು.

ಸಂತೋಷ ತಾಳಲಾರದೆ ಬ್ಯಾಂಟಿಂಗ್ 1863ರಲ್ಲಿ ಒಂದು ಕಿರುಹೊತ್ತಗೆ ಅಚ್ಚು ಹಾಕಿಸಿ ಜನರಿಗೆ ಪುಕ್ಕಟೆ ಹಂಚಿದ. ಬೇಡಿಕೆ ಹೆಚ್ಚಿದಾಗ ಬೆಲೆಯಿಟ್ಟು ಮಾರಿದರೂ ಲಾಭವನ್ನು ದಾನಕ್ಕೆ ಕೊಟ್ಟ. ಸ್ವೀಡನ್ನಿನ ಭಾಷೆಯಲ್ಲಿ ತೂಕ ಇಳಿಸಲು ಪಥ್ಯ ಮಾಡುವುದಕ್ಕೆ ಇವತ್ತಿಗೂ ‘ಬಾಂಟಾ’ ಎನ್ನುತ್ತಾರೆ. ಹೆಣದ ಪೆಟ್ಟಿಗೆಯವನ ಹೆಸರು ಹೀಗೆ ಕ್ರಿಯಾಪದವಾಗಿ ನಿಂತಿತು.

ಪುಕ್ಕಟೆ ಹಂಚಿದ್ದನ್ನು ಪೊಟ್ಟಣ ಕಟ್ಟಿ ಮಾರಿದ್ದು ಮುಂದಿನ ಕಥೆ. 1972ರಲ್ಲಿ ನ್ಯೂಯಾರ್ಕಿನ ಡಾಕ್ಟರ್ ರಾಬರ್ಟ್ ಅಟ್ಕಿನ್ಸ್ ಬರೆದ ಪುಸ್ತಕ ಲಕ್ಷಗಟ್ಟಲೆ ಖರ್ಚಾಯಿತು. ಪುಸ್ತಕದ ಬೆನ್ನಿಗೆ ಕಂಪನಿ, ಕಂಪನಿಯ ಬೆನ್ನಿಗೆ ಚಾಕಲೇಟು ಬಾರು, ಡಬ್ಬಿ ಪಾನೀಯ. ಸಿಹಿ ಬಿಡಿ ಎಂದು ಶುರುವಾದ ಪಥ್ಯ ಸಿಹಿಯ ರುಚಿಯನ್ನೇ ಮಾರತೊಡಗಿತು. ಅಟ್ಕಿನ್ಸ್ 2003ರಲ್ಲಿ ತೀರಿಕೊಂಡರು. 2005ರಲ್ಲಿ ಕಂಪನಿ ದಿವಾಳಿ ರಕ್ಷಣೆ ಕೋರಿ ನ್ಯಾಯಾಲಯದ ಮೆಟ್ಟಿಲೇರಿತು, ಆಮೇಲೆ ಚೇತರಿಸಿಕೊಂಡಿತೆನ್ನಿ.

ಇಂಥ ಯೋಜನೆಗಳಿಗೆ ಮೊದಲ ಎರಡು ವಾರವೇ ಜಾಹೀರಾತು. ಪಿಷ್ಟ ಬಿಟ್ಟೊಡನೆ ಯಕೃತ್ತು, ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೋಜನ್ ಕರಗುತ್ತದೆ. ಅದು ಹಿಡಿದಿಟ್ಟುಕೊಂಡಿದ್ದ, ತನ್ನ ಮೂರು ಪಟ್ಟು ತೂಕದ ನೀರೂ ಹೊರಬೀಳುತ್ತದೆ. ಮುಳ್ಳು ಸರ್ರನೆ ಇಳಿಯುತ್ತದೆ. ಇಳಿದದ್ದರಲ್ಲಿ ಕೊಬ್ಬೆಷ್ಟು, ನೀರೆಷ್ಟು ಎಂದು ತಕ್ಕಡಿ ಹೇಳುವುದಿಲ್ಲ, ಮಾರುವವನೂ ಹೇಳುವುದಿಲ್ಲ. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 609 ಮಂದಿಯನ್ನು ಎರಡು ಪಂಗಡ ಮಾಡಿ ಒಂದು ವರ್ಷ ನೋಡಿ, 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಪಿಷ್ಟ ಕಡಿಮೆ ಮಾಡಿದವರು ಸರಾಸರಿ 6 ಕಿಲೋ, ಕೊಬ್ಬು ಕಡಿಮೆ ಮಾಡಿದವರು 5.3 ಕಿಲೋ ಇಳಿದಿದ್ದರು. ಲೆಕ್ಕಕ್ಕೆ ಬರುವ ವ್ಯತ್ಯಾಸವೇನಲ್ಲ. ಎರಡೂ ಪಂಗಡದಲ್ಲಿ 30 ಕಿಲೋದಷ್ಟು ಇಳಿದವರಿದ್ದರು, 10 ಕಿಲೋದಷ್ಟು ಏರಿದವರೂ ಇದ್ದರು. ಇಬ್ಬರಿಗೂ ಸಕ್ಕರೆ, ಮೈದಾ ಬಿಟ್ಟು ಸೊಪ್ಪು ತರಕಾರಿ ತಿನ್ನಲು ಹೇಳಲಾಗಿತ್ತು. ಅಷ್ಟನ್ನು ಹೇಳಲು ಡಬ್ಬಿ, ಬಾರು, ತಿಂಗಳ ಚಂದಾ ಬೇಕಿಲ್ಲ.

ಬ್ಯಾಂಟಿಂಗನಿಗೆ ಒಗ್ಗಿದ್ದು ಸುಳ್ಳಲ್ಲ. 80 ದಾಟಿ ಬದುಕಿ 1878ರಲ್ಲಿ ಕಣ್ಣುಮುಚ್ಚಿದ. ಬ್ರಾಂಪ್ಟನ್ ಸ್ಮಶಾನದಲ್ಲಿ ಹೆಂಡತಿಯ ಜೊತೆ ಅವನ ಸಮಾಧಿ ಇದೆ.

ಇತ್ತ 3ನೇ ನಂಬರಿನ ಹಳೆಯ ಪುಸ್ತಕಗಳಲ್ಲಿ ಹೆಸರು, ತಾರೀಕು, ತೂಕ. ಬೈರನ್ 1806ರಲ್ಲಿ ತೂಗಿಸಿಕೊಂಡಾಗ ಬೂಟು ಇತ್ತು, ಟೋಪಿ ಇರಲಿಲ್ಲ ಎಂಬುದೂ ನಮೂದಾಗಿದೆ. ಏನು ತಿಂದ ಎಂಬುದಕ್ಕೆ ಅದರಲ್ಲಿ ಕಲಮು ಇಲ್ಲ.