ಅರ್ಧ ನೆನಪಾದ ಪದ

ಚನ್ನಪಟ್ಟಣದಿಂದ ರಾಮನಗರಕ್ಕೆ ಬಸ್ಸಿನಲ್ಲಿ ಹೋಗುವಾಗಲೆಲ್ಲ ರಸ್ತೆ ಪಕ್ಕದ ಜಾನಪದ ಲೋಕದ ಹೆಬ್ಬಾಗಿಲು ಕಾಣುತ್ತಿತ್ತು. ಒಳಗೆ ಮಾತ್ರ ಕಾಲಿಟ್ಟಿರಲಿಲ್ಲ. "ನಮ್ಮನೇಲಿದ್ದ ಸಾಮಾನನ್ನೇ ದುಡ್ಡು ಕೊಟ್ಟು ನೋಡಬೇಕಾ?" ಅನ್ನುತ್ತಿದ್ದೆ. ಈ ಬೇಸಿಗೆ ರಜದಲ್ಲಿ ಆರನೇ ಕ್ಲಾಸಿನ ಮೊಮ್ಮಗಳು ಕೈಹಿಡಿದು ಎಳೆದುಕೊಂಡೇ ಹೋದಳು.

ಮ್ಯೂಸಿಯಂ ಎಂದರೆ ಬೆಂಗಳೂರಿನ ಕಸ್ತೂರಬಾ ರಸ್ತೆಯ ಕೆಂಪು ಕಟ್ಟಡದಂಥ ಒಂದೇ ದೊಡ್ಡ ಬಂಗಲೆ ಇರುತ್ತದೆ ಅಂದುಕೊಂಡಿದ್ದೆ. ಇಲ್ಲಿ ಹಾಗಿಲ್ಲ. ಸುಮಾರು 15 ಎಕರೆಯಲ್ಲಿ ಊರಿನ ಹಾಗೆ ಬಿಡಿಬಿಡಿ ಕಟ್ಟಡಗಳು. ಮನೆಬಳಕೆಯ ಸಾಮಾನಿಗೆ ಲೋಕಮಾತಾ ಮಂದಿರ. ಕಸುಬುದಾರರ ಸಲಕರಣೆಗೆ ಆಯಗಾರರ ಮಾಳ. ವೀರಗಲ್ಲು, ಮಾಸ್ತಿಗಲ್ಲುಗಳಿಗೆ ಶಿಲ್ಪಮಾಳ. ತೊಗಲುಗೊಂಬೆ, ಮುಖವಾಡಗಳಿಗೆ ಎರಡಂತಸ್ತಿನ ಲೋಕಮಹಲ್. ಒಂದರಿಂದ ಒಂದಕ್ಕೆ ಬಯಲಲ್ಲಿ ನಡೆದುಹೋಗುವಾಗ ನೆಂಟರ ಮನೆಗಳಿಗೆ ಹೋಗಿಬಂದಂತೆ ಆಯಿತು.

ಈ ಊರು ಕಟ್ಟಿದವರು ಎಚ್.ಎಲ್. ನಾಗೇಗೌಡರು. 1915ರಲ್ಲಿ ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ ಹುಟ್ಟಿದವರು. ಐಎಎಸ್ ಅಧಿಕಾರಿಯಾಗಿದ್ದೂ ಹಳ್ಳಿಗರ ಹಾಡು, ಕಥೆಗಳ ಬೆನ್ನು ಹತ್ತಿದರು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು, 1994ರಲ್ಲಿ ಈ ಜಾನಪದ ಲೋಕ. 2005ರಲ್ಲಿ ಅವರು ತೀರಿಕೊಂಡರು.

ರಾಗಿ ಬೀಸುವ ಕಲ್ಲಿನ ಮುಂದೆ ಮೊಮ್ಮಗಳು ನಿಂತಳು. "ಅಜ್ಜೀ, ಇದನ್ನ ಒಬ್ಬರೇ ತಿರುಗಿಸ್ತಿದ್ರಾ?"

"ಇಬ್ಬರು ಎದುರುಬದುರು ಕೂತು ಗೂಟ ಹಿಡೀತಿದ್ವಿ. ಒಂದು ಕೈಲಿ ಬೀಸೋದು, ಇನ್ನೊಂದು ಕೈಲಿ ರಾಗಿ ಹಾಕೋದು. ಆಯಾಸ ಗೊತ್ತಾಗದಿರಲಿ ಅಂತ ಪದ ಹೇಳ್ತಿದ್ವಿ."

"ಎಲ್ಲಿ, ಹೇಳು!"

ನಮ್ಮವ್ವ ನಸುಕಿನಲ್ಲಿ ದಿನಾ ಹೇಳುತ್ತಿದ್ದ ಪದ. ಎರಡು ಸಾಲು ಬಂತು. ಮೂರನೆಯದು ಬಾಯಿಗೆ ಬರಲಿಲ್ಲ. ಕಲ್ಲು ಭದ್ರವಾಗಿ ಕೂತಿತ್ತು, ಪದ ನನ್ನ ಕೈತಪ್ಪಿತ್ತು. ನಾಗೇಗೌಡರು ಏಕೆ ಊರೂರು ಅಲೆದರೆಂದು ಆಗ ತಿಳಿಯಿತು.

ನಮ್ಮ ಬೀಸುವ ಕಲ್ಲು? ಆರ್‌ಸಿಸಿ ಮನೆ ಕಟ್ಟಿಸಿದಾಗ ನಾನೇ ಅದನ್ನು ಹಿತ್ತಲ ನಲ್ಲಿಯ ಕೆಳಗೆ ಬಟ್ಟೆ ಒಗೆಯಲು ಹಾಕಿಸಿದ್ದೆ. ಮನೆಗೆ ಬಂದವರೇ ಇಬ್ಬರೂ ಪಾಚಿ ಉಜ್ಜಿ ತೊಳೆದೆವು. ಗೂಟದ ತೂತು ಹಾಗೇ ಇತ್ತು.

ರಾತ್ರಿ ಮಾಗಡಿಯ ಅಕ್ಕನಿಗೆ ಫೋನು ಮಾಡಿದೆ. ಎಂಬತ್ತು ದಾಟಿದ ಅಕ್ಕ ಮೂರನೆಯ ಸಾಲಿನಿಂದ ಹಿಡಿದು ಕೊನೆತನಕ ಹೇಳಿದಳು. ಮೊಮ್ಮಗಳು ಪೂರ್ತಿ ಬರೆದುಕೊಂಡಳು.

ಮಕ್ಕಳೇ, ನಿಮ್ಮ ಅಜ್ಜಿಗೆ ಎಷ್ಟು ಸಾಲು ನೆನಪಿದೆ? ಇವತ್ತೇ ಕೇಳಿ.